ಎಂಜಿನ್ನಿಗೆ ಮೆತ್ತಿದ ಅರಗು

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರ ಕಾರಿನ ಕೆಳಗೆ ಅಂಗೈಯಗಲದ ಎಣ್ಣೆಯ ಕಲೆ ಕಂಡಿತು. ಚನ್ನಪಟ್ಟಣದ ನಮ್ಮ ಮನೆ ಮುಂದೆಯೂ ಅಂಥದ್ದೊಂದು ಇತ್ತು. ಅಮ್ಮ ಅಷ್ಟು ಜಾಗ ಬಿಟ್ಟು ರಂಗೋಲಿ ಹಾಕುತ್ತಿದ್ದಳು.

ಅಪ್ಪ ಬೊಂಬೆ ಕಡೆಯುವವನು. ಗಿರಗಿರನೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತಿತ್ತು. ಅವನ ಹಳೇ ಕಾರಿಗೆ ಮಾತ್ರ ಎಂಜಿನ್ ಮುಚ್ಚಳದ ಸಂದಿಗೆ ಕೂರಿಸುವ ಪ್ಯಾಕಿಂಗನ್ನು ಮೂರು ಸಲ ಬದಲಿಸಿದರೂ ಎಂಜಿನ್ ಆಯಿಲ್ ಸೋರುವುದು ನಿಲ್ಲಲಿಲ್ಲ. ಬಿಡದಿಯ ಹೊಸ ಕಾರ್ಖಾನೆಗೆ ಸೇರಿದ್ದ ಚಿಕ್ಕಪ್ಪ, "ಗುಜರಿಗೆ ಹಾಕ್ಬುಡಣ್ಣ," ಎಂದ.

"ರಾಮನಗರದ ಗಂಟ ಒಂದು ತೊಟ್ಟು ಸೋರುದ್ರೂ ಹಾಕ್ಬುಡ್ತೀನಿ ಕಣ್ಲಾ," ಎಂದ ಅಪ್ಪ, ಎಂಜಿನ್ನಿನ ಮುಚ್ಚಳದ ಸುತ್ತ ಕೆಂಪು ಅರಗು ಕಾಯಿಸಿ ಮೆತ್ತಿದ. ಬೊಂಬೆಗೆ ಮಾಡುವಂತೆ ತಾಳೆಗರಿಯಿಂದ ಉಜ್ಜಿ ಹೊಳಪನ್ನೂ ಕೊಟ್ಟ.

"ಎಂಜಿನ್ ಬಿಸಿ ಆಗಕಿಲ್ವಾ?" ಎಂದಳು ಅಮ್ಮ.

"ಮೂವತ್ತು ವರ್ಸದಿಂದ ಅರಗು ಹಿಡ್ದಿರೋನ್ಗೆ ನೀನೇನೂ ಹೇಳ್ಕೊಡ್ಬ್ಯಾಡ."

ಅಪ್ಪ, ಚಿಕ್ಕಪ್ಪ, ನಾನು ಹೊರಟೆವು. ಕೆಂಗಲ್ ಹತ್ತಿರ ಬರುವಷ್ಟರಲ್ಲಿ ಕಾರಿನೊಳಗೆಲ್ಲ ಅಪ್ಪ ಬೊಂಬೆ ಮಾಡುವ ಕೋಣೆಯ ವಾಸನೆ ತುಂಬಿತು. ಇಳಿದು ಬಾನೆಟ್ ಎತ್ತಿದರೆ ಎಂಜಿನ್ನಿನ ಮೈಮೇಲೆ ಕೆಂಪು ಅರಗು ಇಳಿದಿತ್ತು, ಅದರ ಹಿಂದೆಯೇ ಎಣ್ಣೆ. ಚಿಕ್ಕಪ್ಪ ನಗಲಿಲ್ಲ. ಅಪ್ಪ ಬಗ್ಗಿ ತುಂಬ ಹೊತ್ತು ನೋಡಿದ.

"ಬಣ್ಣ ಮಾತ್ರ ಚೆನ್ನಾಗಿ ಹತ್ತೈತೆ," ಎಂದ.

ಆ ವಾರವೇ ಕಾರು ಗುಜರಿಗೆ ಹೋಯಿತು.

ಪಕ್ಕದ ಮನೆಯವರು ಕಾರು ತೆಗೆದ ಮೇಲೆ ಆ ಕಲೆಯನ್ನು ಬೆರಳಿಂದ ಮುಟ್ಟಿ ಮೂಸಿ ನೋಡಿದೆ. ಬರೀ ಎಣ್ಣೆಯ ವಾಸನೆ.