ಬಾಜೂ ಮನಿಯಿಂದ ಬಂದ ದೂರು

ದೋಸ್ತರ, ಸಣ್ಣಾಕಿ ಇದ್ದಾಗ ನನ್ನ ಎತ್ತಿ ಆಡಿಸಿದ ಕಾಶಿಬಾಯಿ ಕಾಕುಗಿ ಇವತ್ತ ಮುಂಜಾನಿ "ನಿಮ್ಮ ಹೆಸರೇನ್ರಿ" ಅಂತ ಕೇಳ್ದೆ.

ನನ್ನ ಪೋಲಿಯೊ ಕಾಲಿಗಿ ಬೀದರ ಬಸ್ಸಿನ ಮೆಟ್ಟಿಲು ಹತ್ತಲಾಕ ಆಗಲ್ಲ. ಅದಕ್ಕ ಸರ್ಕಾರದವರು ಮೆಹಕರದ ನಮ್ಮ ಮನಿಯಾಗೇ ಕೆಲಸ ಕೊಟ್ಟಾರ. ಬರಗಾಲದ ಸಹಾಯವಾಣಿ. ಹೆಡ್‌ಫೋನ್ ಹಾಕೊಂಡು ನೀರಿನ ದೂರು ಬರ್ಕೋಬೇಕು.

ಇವತ್ತ ಒಂದು ಫೋನಿನ ಧ್ವನಿ ಹೆಡ್‌ಫೋನಿನಾಗೂ ಬಂತು, ಕಿಟಕಿಯಿಂದನೂ ಬಂತು. ಬಾಜೂ ಮನಿ ಕಾಕು.

"ನಮ್ಮ ಓಣಿಗಿ ಟ್ಯಾಂಕರ್ ಬಂದಿಲ್ಲ."

"ನಿಮ್ಮ ಹೆಸರೇನ್ರಿ?"

"ಹುಚ್ಚಿ, ನಿನಗ ಗೊತ್ತಿಲ್ಲೇನು?"

ಗೊತ್ತದ. ಆದರ ಫೋನ್ ರೆಕಾರ್ಡ್ ಆಗ್ತದ, ಕೇಳೋದು ಬಿಟ್ಟರ ನೌಕರಿ ಹೋಗ್ತದ.

"ಮನಿ ಎಲ್ಲಿ ಬರ್ತದರಿ?"

"ನಿನ್ನ ಮನಿ ಬಾಜೂಕ."

"ಓಣಿಯಾಗ ಎಷ್ಟು ಮಂದಿ ಇದ್ದೀರಿ?"

"ಎಲ್ಲಾರೂ ದುಡಿಲಾಕ ಪುಣೆಗಿ ಹೋಗ್ಯಾರ. ನಾನು ಇದ್ದೀನಿ, ನೀನು ಇದ್ದಿ. ಬರ್ಕೊ."

ಬರ್ಕೊಂಡೆ. "ನಿಮ್ಮ ದೂರು ದಾಖಲಾಗ್ಯದರಿ," ಅಂದೆ.

ಫೋನ್ ಇಡೋದ್ರಾಗ ಕಾಕು ಕೊಡ ಹಿಡ್ಕೊಂಡು ನಮ್ಮ ಬಾಗಿಲಿಗಿ ಬಂದಳು. ಬೈತಾಳ ಅಂದ್ಕೊಂಡೆ. ಬೈಲಿಲ್ಲ. ಸೀದಾ ಒಳಗ ಹೋಗಿ, ಹೊಲದ ಬಾವಿಯಿಂದ ಹೊತ್ತು ತಂದಿದ್ದ ನೀರಿನಾಗ ಅರ್ಧಾ ನಮ್ಮ ಖಾಲಿ ಹಂಡೇಕ ಸುರಿದಳು.

"ಮುಂಜಾನಿಂದ ಮಾತಾಡಿ ಸರ್ಕಾರದ ಗಂಟಲು ಒಣಗಿರಬೇಕು," ಅಂದಳು.

ಈಗ ಸಂಜಿ ಆಗ್ಯದ, ಟ್ಯಾಂಕರ್ ಇನ್ನೂ ಬಂದಿಲ್ಲ. ನಮ್ಮ ಓಣಿಗಿ ಸರ್ಕಾರ ನೀರು ಯಾವಾಗ ಕೊಡ್ತದೋ ನನಗೂ ಗೊತ್ತಿಲ್ಲ. ನಮ್ಮ ಓಣಿ ಮಾತ್ರ ಇವತ್ತ ಸರ್ಕಾರಕ್ಕ ಅರ್ಧಾ ಕೊಡ ಕೊಟ್ಟದ.