ಕೇಳದೆ ಹತ್ತಿದ ಬೋಳುಕಲ್ಲು

ನನ್ನ ದೊಡ್ಡಮ್ಮ ಪದ್ಮಾಕ್ಷಿಯವರು ಒಂದು ಹರಕೆ ತೀರಿಸಲು ಎಂಟು ವರ್ಷ ಒದ್ದಾಡಿದರು. ಹರಕೆ ದೊಡ್ಡದೇನಲ್ಲ. ೧೯೫೩ರಲ್ಲಿ ಅವರ ತಮ್ಮ ಭೋಜನಿಗೆ ವಿಷಮಜ್ವರ ಬಂದು, ಬದುಕುವ ಆಸೆಯನ್ನು ಎಲ್ಲರೂ ಬಿಟ್ಟಾಗ, ಅಂಗಳದಲ್ಲಿ ನಿಂತು ಬೋಳುಕಲ್ಲಿನ ಈಶ್ವರನಿಗೆ ಹೇಳಿಕೊಂಡದ್ದು: ಹುಡುಗ ಎದ್ದು ಕುಳಿತರೆ ನಮ್ಮ ಬಾವಿಯ ನೀರನ್ನು ಒಂದು ಚೆಂಬು, ಬರಿಗಾಲಲ್ಲಿ, ನೆಲಕ್ಕಿಡದೆ ತಂದು ನಿನ್ನ ತಲೆಯ ಮೇಲೆ ಹೊಯ್ಯಿಸುತ್ತೇನೆ. ಭೋಜಮಾವ ಎದ್ದು ಕುಳಿತರು. ಆಮೇಲೆ ಮೂಡಬಿದ್ರೆಯಲ್ಲಿ ಹೋಟೆಲು ಹಾಕಿ ಚೆನ್ನಾಗಿ ದಪ್ಪವೂ ಆದರು. ನೀರು ಮಾತ್ರ ಬಾವಿಯಲ್ಲೇ ಉಳಿಯಿತು.

ದಾರಿ ಕಷ್ಟದ್ದಲ್ಲ. ತೋಡಾರಿನ ನಮ್ಮ ಮನೆಯ ಹಿಂದಿನ ಏರು ಹತ್ತಿದರೆ ಪದವು. ಒರಟು ಕೆಂಪು ಮುರಕಲ್ಲಿನ ಬಯಲು ಅದು, ಮರವಿಲ್ಲ, ಬೇಲಿಯಿಲ್ಲ. ಮಳೆಗಾಲ ಕಳೆದ ಮೇಲೆ ಒಣಗಿದ ಮುಳಿಹುಲ್ಲು, ಅಲ್ಲಲ್ಲಿ ಕೇಪುಳದ ಗಿಡ, ಉಳಿದಂತೆ ಗಾಳಿ. ಆ ತುದಿಯಲ್ಲಿ ಒಬ್ಬ ಮನುಷ್ಯ ಬಂದರೆ ಈ ತುದಿಯಲ್ಲಿ ಕಾಣುತ್ತದೆ. ಪದವು ಮುಗಿಯುವಲ್ಲಿ ಬೋಳುಕಲ್ಲು, ಇಡಿಯಾಗಿ ಒಂದೇ ಕರಿಕಲ್ಲಿನ ಗುಡ್ಡ. ಮೇಲೆ ಒಂದು ಸಣ್ಣ ಗುಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿ ಕಾಲು ನಿಲ್ಲುವುದಿಲ್ಲವಾದ್ದರಿಂದ ಹರಕೆಯವರು ಬೇಸಿಗೆಯ ಸೋಮವಾರಗಳಲ್ಲೇ ಹತ್ತಬೇಕು.

ತೊಂದರೆ ಇದ್ದದ್ದು ದಾರಿಯಲ್ಲಲ್ಲ, ಕುಟುಂಬದಲ್ಲಿ. ನಮ್ಮದು ಅಳಿಯಸಂತಾನ, ತಾಯಿಯ ಕಡೆಯಿಂದ ಲೆಕ್ಕ. ಒಬ್ಬಳು ಅಜ್ಜಿಯ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು ಎಂದು ಕೊಕ್ಕಡ, ಚಾರ್ಮಾಡಿ, ಬಂಟ್ವಾಳದವರೆಗೆ ಹರಡಿದ್ದಾರೆ. ಅವರಲ್ಲಿ ಎಲ್ಲಿ ಹೆರಿಗೆಯಾದರೂ ಎಲ್ಲರಿಗೂ ಅಮೆಯ ಮೈಲಿಗೆ, ಎಲ್ಲಿ ಸಾವಾದರೂ ಎಲ್ಲರಿಗೂ ಸೂತಕ. ಅದು ಕಳೆಯುವವರೆಗೆ ಗುಡಿಯ ಮೆಟ್ಟಿಲು ತುಳಿಯುವಂತಿಲ್ಲ, ಒಂದು ಕಳೆಯುವಷ್ಟರಲ್ಲಿ ಇನ್ನೊಂದು. ಭೋಜಮಾವನ ಮಕ್ಕಳು ಅವರ ಹೆಂಡತಿಯ ಕುಟುಂಬಕ್ಕೆ ಸೇರುವುದರಿಂದ ಆ ಹೆರಿಗೆಗಳಿಂದ ದೊಡ್ಡಮ್ಮನಿಗೆ ಬಾಧೆಯಿರಲಿಲ್ಲ. ಅವರನ್ನು ತಡೆದವರು ತಾವು ಮುಖವನ್ನೇ ನೋಡದ ದೂರದ ತಂಗಿಯಂದಿರು.

ಮೊದಲ ವರ್ಷ ಚೆಂಬು ತುಂಬಿಸಿ ಅಂಗಳಕ್ಕಿಳಿದಾಗ ಕೊಕ್ಕಡದಲ್ಲಿ ಗಂಡು ಮಗುವಾದ ಸುದ್ದಿ ಬಂತು. ಮರುವರ್ಷ ಚಾರ್ಮಾಡಿಯಲ್ಲಿ ಯಾರೋ ಮುದುಕರು ತೀರಿಕೊಂಡರು. ಇನ್ನೊಂದು ವರ್ಷ ದೊಡ್ಡಮ್ಮನೇ ಹೊರಗೆ ಕೂತರು. ಒಮ್ಮೆಯಂತೂ ಪದವಿನ ನಡುವಿನವರೆಗೆ ಹೋಗಿದ್ದವರನ್ನು ಗುರುವಪ್ಪ ಓಡಿಬಂದು ನಿಲ್ಲಿಸಿದ. ಗುರುವಪ್ಪ ನಮ್ಮ ಮನೆಯ ಕೆಲಸದವನು. ಪೇಟೆಯಿಂದ, ಬಸ್ಸಿನವರಿಂದ, ಕುಟುಂಬದ ಸುದ್ದಿ ತರುವವನೂ ಅವನೇ. ಕ್ರಮೇಣ ಅವನು ಗೇಟಿನ ಹತ್ತಿರ ಕಂಡರೆ ಸಾಕು, ದೊಡ್ಡಮ್ಮ ಒಳಗೆ ಹೋಗಿ ಪಾತ್ರೆ ಬಡಿಯುತ್ತಿದ್ದರು.

ಇಷ್ಟೇ ಆಗಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಆದರೆ ಮನೆಯಲ್ಲಿ ಏನು ಕೆಟ್ಟರೂ ಅದಕ್ಕೆ ತೀರದ ಹರಕೆ ಕಾರಣವಾಯಿತು. ಹಸು ಹಾಲು ಕಡಿಮೆ ಮಾಡಿತು, ಹರಕೆ. ಭೋಜಮಾವನ ಹೋಟೆಲಿನ ಗೋಡೆ ಬಿರಿಯಿತು, ಹರಕೆ. ನನ್ನ ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಫೇಲಾದಾಗಲೂ ಮನೆಯ ಯಜಮಾನ ರುಕ್ಮಯ್ಯಜ್ಜ, ಅಂದರೆ ದೊಡ್ಡಮ್ಮನ ಸೋದರಮಾವ, ಊಟಕ್ಕೆ ಕೂತಲ್ಲಿಂದ ಅವರ ಕಡೆಗೇ ನೋಡಿದರು. ಭೋಜಮಾವನಿಗೆ ಕಾಲುನೋವು ಶುರುವಾದ ಮೇಲೆ ಆ ನೋಟ ದಿನಾ ಬರತೊಡಗಿತು.

೧೯೬೧ರ ಬೇಸಿಗೆಗೆ ದೊಡ್ಡಮ್ಮ ಕ್ರಮವಾಗಿ ಸಿದ್ಧರಾದರು. ಕುಟುಂಬದಲ್ಲಿ ಯಾರು ಬಸುರಿ, ಯಾರಿಗೆ ಯಾವ ತಿಂಗಳು, ಯಾವ ಮುದುಕರ ಆರೋಗ್ಯ ಹೇಗೆ ಎಂದು ಮದುವೆ ಮನೆಗಳಲ್ಲಿ ವಿಚಾರಿಸಿದರು. ಅವರ ಕಾಳಜಿ ಕಂಡು ನೆಂಟರಿಗೆ ಸಂತೋಷವೇ ಆಯಿತು. ಬಂಟ್ವಾಳದ ಸರಸಳಿಗೆ ಇನ್ನೂ ಒಂದು ತಿಂಗಳುಂಟು, ಅದಕ್ಕೆ ಮೊದಲು ಯಾರೂ ಇಲ್ಲ ಎಂದು ಖಚಿತವಾದಾಗ ಒಂದು ಸೋಮವಾರವನ್ನು ಆರಿಸಿ, ಯಾರಿಗೂ ಹೇಳದೆ, ಬೆಳಕು ಹರಿಯುವಾಗ ಹೊರಟರು. ಅವರಿಗೆ ಇನ್ನೊಂದು ಧೈರ್ಯವೂ ಇತ್ತು. ಅಮೆ ಸೂತಕಗಳು ಕೇಳಿದ ಮೇಲೆಯೇ ತಾಗುವುದು. ಬೊಂಬಾಯಿಯಲ್ಲಿ ಸತ್ತವರ ಸುದ್ದಿ ತಡವಾಗಿ ಬಂದಿದ್ದಾಗ, ಅಷ್ಟರೊಳಗೆ ತಾನು ಮಾಡಿಸಿದ್ದ ಪೂಜೆ ಕೆಡಲಿಲ್ಲವೆಂದು ರುಕ್ಮಯ್ಯಜ್ಜನೇ ಹೇಳಿದ್ದರು.

ಮುಂದಿನದನ್ನು ನಾನು ದೊಡ್ಡಮ್ಮನಿಂದಲೂ ಗುರುವಪ್ಪನಿಂದಲೂ ಬೇರೆಬೇರೆಯಾಗಿ ಕೇಳಿದ್ದೇನೆ. ಇಬ್ಬರ ಹೇಳಿಕೆಯೂ ಹೆಚ್ಚುಕಡಿಮೆ ಒಂದೇ.

ಪದವಿನ ಅರ್ಧ ದಾಟಿದ ಮೇಲೆ ಹಿಂದೆ ಯಾರೋ ಕೂಗಿದಂತಾಯಿತು. ತಿರುಗಿ ನೋಡಿದರೆ ಗುರುವಪ್ಪ, ತಲೆಯ ಮುಂಡಾಸು ಬಿಚ್ಚಿ ಬೀಸುತ್ತಾ ಓಡಿಬರುತ್ತಿದ್ದಾನೆ. ದೊಡ್ಡಮ್ಮ ನಡಿಗೆ ಜೋರು ಮಾಡಿದರು. ಅವನೂ ಜೋರು ಮಾಡಿದ. ಅಡಗಲು ಒಂದು ಪೊದೆಯೂ ಇಲ್ಲ. ಕೊನೆಗೆ ಸೀರೆ ಎತ್ತಿ ಕಟ್ಟಿ ಓಡಿದರು. ಕೈಯಲ್ಲಿ ಚೆಂಬು, ಅದನ್ನು ಇಡುವಂತಿಲ್ಲ. ಆದ್ದರಿಂದ ಒಂದೇ ಕಿವಿ ಮುಚ್ಚಲು ಸಾಧ್ಯವಾಯಿತು. ಇನ್ನೊಂದು ಕಿವಿಗೆ ಬೀಳದಿರಲಿ ಎಂದು ಬಾಯಿಗೆ ಬಂದ ದೇವರ ಹೆಸರನ್ನೆಲ್ಲಾ ಗಟ್ಟಿಯಾಗಿ ಹೇಳುತ್ತಾ ಓಡಿದರಂತೆ. ಹೆಜ್ಜೆಹೆಜ್ಜೆಗೂ ನೀರು ತುಳುಕಿ ಸೀರೆ ಒದ್ದೆಯಾಯಿತು, ಮುರಕಲ್ಲು ಚುಚ್ಚಿ ಹಿಮ್ಮಡಿ ಒಡೆಯಿತು.

ಬೋಳುಕಲ್ಲಿನ ಬುಡದಲ್ಲಿ ಅವನು ಹತ್ತಿರ ಬಂದಾಗ ತಿರುಗಿ ನಿಂತು, "ಒಂದು ಮಾತಾಡಿದರೆ ನೋಡು, ಈ ಚೆಂಬು ನಿನ್ನ ತಲೆಯ ಮೇಲೆ," ಎಂದರು. ಗುರುವಪ್ಪ ಬಾಯಿ ತೆರೆದವನು ಮುಚ್ಚಿದ. ಅವರು ಬಂಡೆಯಲ್ಲಿ ಕಡಿದ ಮೆಟ್ಟಿಲು ಹಿಡಿದು ಹತ್ತಿದರು. ಮೆಟ್ಟಿಲು ಇಲ್ಲದಲ್ಲಿ ಒಂದು ಕೈ ಊರಿ, ಕುಂಡೆ ಊರಿ ಹತ್ತಿದರು. ಕಲ್ಲು ಆಗಲೇ ಬಿಸಿಯಾಗತೊಡಗಿತ್ತು.

ಮೇಲೆ ತಲುಪಿ ನೋಡಿದರೆ ಗುಡಿಗೆ ಬೀಗ.

ಸ್ವಲ್ಪ ಹೊತ್ತಿಗೆ ಗುರುವಪ್ಪನೂ ಬಂದು, ದೂರದಲ್ಲೇ, ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದು ನಿಂತ. ಬಾಗಿಲೇ ಮುಚ್ಚಿದ ಮೇಲೆ ಇನ್ನು ಕೇಳಿದರೇನು ಎಂದು ದೊಡ್ಡಮ್ಮ ಚೆಂಬನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು.

"ಹೇಳು. ಯಾರು ಹೆತ್ತರು, ಯಾರು ಸತ್ತರು?"

"ನಮ್ಮಲ್ಲಿ ಯಾರೂ ಇಲ್ಲ ಅಕ್ಕ. ಇಲ್ಲಿಯ ಭಟ್ರ ಅಣ್ಣ ತೀರಿಹೋದರಂತೆ. ಭಟ್ರಿಗೇ ಸೂತಕ. ಬೆಳಗ್ಗಿನ ಪೂಜೆ ಇಲ್ಲ. ಸಾಯಂಕಾಲಕ್ಕೆ ಬದಲಿ ಭಟ್ರು ಬರ್ತಾರೆ ಅಂತ ಚಾದ ಅಂಗಡಿಯಲ್ಲಿ ಹೇಳಿದರು. ನೀವು ಚೆಂಬು ಹಿಡಿದು ಪದವಿನಲ್ಲಿ ಹೋಗುವುದು ಕಂಡಿತು, ಸುಮ್ಮನೆ ನಡೆಯುವುದು ಬೇಡ ಅಂತ ಓಡಿ ಬಂದೆ."

"ಅದನ್ನು ಪದವಿನಲ್ಲೇ ಹೇಳಲಿಕ್ಕೆ ಆಗಲಿಲ್ಲವಾ ನಿನಗೆ?"

"ನೀವು ನಿಂತರಲ್ಲವಾ ಅಕ್ಕ ಹೇಳುವುದು?"

ಸಂಜೆಯವರೆಗೆ ಕಾಯುವುದೆಂದು ದೊಡ್ಡಮ್ಮ ನಿರ್ಧರಿಸಿದರು. ಗುರುವಪ್ಪ ಗಂಜಿ ಉಣ್ಣದೆ ಬಂದವನು, ತಾನು ಇಳಿದು ಮನೆಗೆ ತಿಳಿಸಿ ಬರುತ್ತೇನೆ ಎಂದ.

"ಇಲ್ಲೇ ಕೂತ್ಕೋ ಮಾರಾಯ. ನೀನು ಕೆಳಗೆ ಹೋದರೆ ಯಾರಾದರೂ ನಿನಗೆ ಏನಾದರೂ ಹೇಳ್ತಾರೆ. ನೀನು ಅದನ್ನು ಹೊತ್ತುಕೊಂಡು ಬರ್ತೀ."

ಹೀಗೆ ಸುದ್ದಿಗಾರನನ್ನೂ ಹಿಡಿದಿಟ್ಟುಕೊಂಡು ಆ ದಿನವಿಡೀ ಬಂಡೆಯ ಮೇಲೆ ಕೂತರು. ಗುಡಿಯ ನೆರಳು ಸರಿದಂತೆ ಇಬ್ಬರೂ ಸರಿದರು. ಪೂರ್ವಕ್ಕೆ ಘಟ್ಟದ ಸಾಲು, ಅದರ ಮುಂದೆ ಜಮಲಾಬಾದಿನ ಕಲ್ಲು, ಪಶ್ಚಿಮಕ್ಕೆ ಗೆರೆಯಂತೆ ಕಡಲು. ಇಷ್ಟು ವರ್ಷ ಹತ್ತಬೇಕೆಂದಿದ್ದ ಜಾಗ. ದೊಡ್ಡಮ್ಮ ಅದನ್ನು ನೋಡಿದ್ದು ಕಡಿಮೆ, ಪದವಿನ ಕಡೆಗೇ ಕಣ್ಣಿಟ್ಟಿದ್ದರು. ಹುಲ್ಲಿನ ಹೊರೆ ಹೊತ್ತ ಹೆಂಗಸು ಕಂಡರೂ ಒಂದು ಕೈಯನ್ನು ಕಿವಿಗೆ ಒಯ್ಯುತ್ತಿದ್ದರು. ಬಿಸಿಲು ಇಳಿಯುವಾಗ ಒಬ್ಬ ಗಂಡಸು ಕೊಡೆ ಹಿಡಿದು ಬಿರಬಿರನೆ ಬರುವುದು ಕಾಣಿಸಿತು. ಗುರುವಪ್ಪ ಎದ್ದು ನಿಂತು ನೋಡಿದ. ಭಟ್ರೋ, ಮನೆಯಿಂದ ಬಂದವರೋ ತಿಳಿಯಲಿಲ್ಲ. ಅವರು ಬುಡಕ್ಕೆ ಬಂದು ಅಂಗಿ ಬಿಚ್ಚಿ ಹೆಗಲಿಗೆ ಹಾಕಿದಾಗ ಜನಿವಾರ ಕಂಡಿತು.

ಬದಲಿ ಭಟ್ರಿಗೆ ತಮ್ಮದೇ ಬೇಸರ. ಎರಡು ಪೂಜೆ ಮುಗಿಸಿ ಬಂದಿದ್ದರು, ಇನ್ನೊಂದಕ್ಕೆ ಹೋಗಬೇಕಿತ್ತು. ಅಮೆ ಸೂತಕ ಏನಿಲ್ಲವಲ್ಲ ಎಂದು ಬೀಗ ತೆಗೆಯುತ್ತಲೇ ವಾಡಿಕೆಯಂತೆ ಕೇಳಿದರು. ನಾನು ಕೇಳಿದ್ದು ಏನೂ ಇಲ್ಲ ಎಂದರು ದೊಡ್ಡಮ್ಮ. ಭಟ್ರು ಚೆಂಬು ತೆಗೆದುಕೊಂಡು ಒಳಗೆ ನೋಡಿ, ಇಷ್ಟೇಯಾ ಎಂದರು. ಉಳಿದದ್ದು ಪದವಿಗೆ ಹೋಯಿತು ಎಂದ ಗುರುವಪ್ಪ. ಚೆಂಬಿನ ತಳದಲ್ಲಿದ್ದ ಆ ನೀರನ್ನು ಭಟ್ರು ಲಿಂಗದ ಮೇಲೆ ಹೊಯ್ದರು. ಕೈಗೆ ಗಂಧ ಪ್ರಸಾದ ಬಿತ್ತು. ಎಂಟು ವರ್ಷದ ಕೆಲಸ ಒಂದು ಉಸಿರಿನಲ್ಲಿ ಮುಗಿಯಿತು.

ಮನೆಯಲ್ಲಿ ಎಲ್ಲರೂ ಜಗಲಿಯಲ್ಲಿ ಸೇರಿದ್ದರು. ಭೋಜಮಾವನೂ ಮೂಡಬಿದ್ರೆಯಿಂದ ಬಂದಿದ್ದರು. ಎಲ್ಲರ ಮುಖದಲ್ಲೂ ಸಂತೋಷ: ಬಂಟ್ವಾಳದ ಸರಸಳಿಗೆ ದಿನ ತುಂಬುವ ಮೊದಲೇ, ಅಂದೇ ಮಧ್ಯಾಹ್ನ, ಹೆಣ್ಣು ಮಗು. ನಮ್ಮಲ್ಲಿ ಹೆಣ್ಣು ಹುಟ್ಟಿದರೆ ಕುಟುಂಬ ಬೆಳೆದಂತೆ. ದೊಡ್ಡಮ್ಮ ಹೊಸ್ತಿಲಲ್ಲೇ ನಿಂತು ಅದನ್ನು ಕೇಳಿದರು.

ರುಕ್ಮಯ್ಯಜ್ಜ ಅವರ ಹಣೆಯ ಗಂಧ ನೋಡಿದರು. ಎಲ್ಲಿಗೆ ಹೋಗಿದ್ದೆ, ಯಾವ ಹೊತ್ತಿಗೆ ಪೂಜೆಯಾಯಿತು ಎಂದು ವಿಚಾರಿಸಿ, ಸ್ವಲ್ಪ ಯೋಚಿಸಿ, ಮಗು ಹುಟ್ಟಿದ್ದು ಮೊದಲು, ನೀರು ಬಿದ್ದದ್ದು ಆಮೇಲೆ, ಆದ್ದರಿಂದ ಹರಕೆ ಸಂದಿಲ್ಲ ಎಂದು ತೀರ್ಮಾನ ಕೊಟ್ಟರು.

"ಮಾವ, ನಾನು ಕೇಳಿದ್ದು ಈಗ," ಎಂದರು ದೊಡ್ಡಮ್ಮ.

"ಅದು ಸತ್ತವರ ಲೆಕ್ಕ. ಹುಟ್ಟಿದ್ದಕ್ಕೆ ಹಾಗಲ್ಲ. ಮತ್ತೆ, ನೀನು ಬೇಕೆಂದೇ ಕೇಳದೆ ಓಡಿದ್ದು."

ಆ ಭೇದವನ್ನು ಅಜ್ಜ ಅಲ್ಲಿಯೇ ಮಾಡಿದರೆಂದು ನನ್ನ ಅನುಮಾನ. ಭೋಜಮಾವ ಬೆಂಚಿನ ಮೇಲೆ ಕಾಲು ನೀವಿಕೊಳ್ಳುತ್ತಾ, ಸಮಾಧಾನಪಡಿಸುವ ದನಿಯಲ್ಲಿ, "ಇನ್ನೊಂದು ಸಲ ಹೋಗಿ ಬಂದರೆ ಏನಕ್ಕ? ಹೇಗೂ ದಾರಿ ಗೊತ್ತುಂಟಲ್ಲ," ಎಂದರು.

ದೊಡ್ಡಮ್ಮ ಖಾಲಿ ಚೆಂಬನ್ನು ತಂದು ತಮ್ಮನ ಪಕ್ಕದಲ್ಲಿ ಬೆಂಚಿನ ಮೇಲಿಟ್ಟರು.

"ಹಾಗಾದರೆ ನೀನು ಹೋಗು. ಬದುಕಿದವನು ನೀನು."

ಆಮೇಲೆ ಬಾವಿಕಟ್ಟೆಗೆ ಹೋಗಿ ಕಾಲಿಗೆ ನೀರು ಹಾಕಿಕೊಂಡರು. ಒಡೆದ ಹಿಮ್ಮಡಿ ಉರಿಯುತ್ತಿತ್ತು.

ಅಮೆ ಕಳೆಯಿತು, ಸೋಮವಾರಗಳೂ ಕಳೆದವು. ರುಕ್ಮಯ್ಯಜ್ಜ ಒಮ್ಮೆ ಹರಕೆಯ ಮಾತೆತ್ತಿದಾಗ ದೊಡ್ಡಮ್ಮ ಮೆಲ್ಲನೆ, ಭೋಜನನ್ನು ಕೇಳಿ ಎಂದರು. ಭೋಜಮಾವ ಬೋಳುಕಲ್ಲಿಗೆ ಹೋಗಲಿಲ್ಲ. ಆದರೆ ಅಂದಿನಿಂದ ಅವರ ಕಾಲುನೋವಿಗೆ ಕಾರಣ ಹೇಳುವ ಕೆಲಸ ಮೂಡಬಿದ್ರೆಯ ಡಾಕ್ಟರರಿಗೆ ಬಿತ್ತು.