ಚಿಕ್ಕಬಸಮ್ಮನ ಎರಡು ಮಂಕರಿ

ಬೆಳಗಿನ ಐದೂವರೆ. ಸೋಸಲೆ ಕಡೆಯ ಮೊದಲ ಬಸ್ಸು ಇನ್ನೂ ಬಂದಿಲ್ಲ. ಹಾಳ್ಗೇರಿ ದಿಬ್ಬದ ಪಡುವಣ ಅಂಚಿನಲ್ಲಿ, ನಿನ್ನೆ ಜೆಸಿಬಿ ಕಡಿದುಬಿಟ್ಟ ಮಣ್ಣಿನ ಗೋಡೆಗೆ ಮುಖ ಮಾಡಿ ಚಿಕ್ಕಬಸಮ್ಮ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ಗಾರೆಯವರ ಹಳೆಯ ಕರಣೆ. ಎಡಕ್ಕೊಂದು ಬಿದಿರಿನ ಮಂಕರಿ, ಬಲಕ್ಕೊಂದು. ಗೋಡೆಯ ಮೇಲುಭಾಗದಲ್ಲಿ ಸಿಕ್ಕ ಮಡಕೆಚೂರು ಎಡದ ಮಂಕರಿಗೆ, ಕೆಳಭಾಗದ್ದು ಬಲದ ಮಂಕರಿಗೆ. ಎರಡರ ನಡುವೆ ಒಂದು ಮಾರು ಜಾಗ ಬಿಟ್ಟಿದ್ದಾರೆ. ನೋಡಲು ಬಂದವರು ಕಾಲಲ್ಲಿ ಮಂಕರಿಯನ್ನು ಕೊಂಚ ಸರಿಸಿದರೂ ರೇಗುತ್ತಾರೆ.

"ಎಂಟು ಗಂಟ್ಗೆ ಜೆಸಿಬಿ ಬತ್ತದೆ ಸಾ. ಅಷ್ಟ್ರೊಳ್ಗೆ ಸಿಕ್ಕಿದ್ದೇ ಸಿಕ್ಕಿದ್ದು," ಎನ್ನುತ್ತಾರೆ, ಬರೆದುಕೊಳ್ಳಲು ಬಂದ ನನ್ನತ್ತ ತಲೆಯೆತ್ತದೆ.

ಐವತ್ತೆಂಟರ ಚಿಕ್ಕಬಸಮ್ಮನದು ಮಡಕೆಚೂರು ತೊಳೆಯುವ ಕೆಲಸ. ತಿ. ನರಸೀಪುರ, ನಂಜನಗೂಡಿನ ಸುತ್ತ ಎಲ್ಲಿ ಹಳೆಯ ಊರು ಅಗೆದರೂ ಇವರಿಗೆ ಕರೆ ಬರುತ್ತದೆ. ದಿನಕ್ಕೆ ಹದಿನಾಲ್ಕು ನೂರು ಚೂರು, ಮೂವತ್ತು ಬಿಂದಿಗೆ ನೀರು, ತಿಂಗಳಿಗೆ ನಾಲ್ಕು ಹಲ್ಲುಜ್ಜುವ ಬ್ರಷ್ಷು. ಉಳಿದ ದಿನ ಕಳೆ ಕೀಳುವ ಕೂಲಿ. ಅಗೆತದ ವರದಿಯೊಂದರ ಫೋಟೊದಲ್ಲಿ ಬಳೆ ತೊಟ್ಟ ಇವರ ಕೈಯಿದೆ, ಪಕ್ಕದಲ್ಲಿ ಅಳತೆಕೋಲಿದೆ. ಕೋಲು ಎಷ್ಟು ಉದ್ದ ಎಂದು ಕೆಳಗೆ ಬರೆದಿದ್ದಾರೆ, ಕೈ ಯಾರದ್ದೆಂದು ಬರೆದಿಲ್ಲ.

ಇಪ್ಪತ್ತೊಂದು ವರ್ಷದ ಹಿಂದೆ ಇದೇ ದಿಬ್ಬಕ್ಕೆ ಅವರು ಮಣ್ಣು ಹೊರಲು ಬಂದವರು. ಗಂಡ ಮಲ್ಲಯ್ಯ ಗುದ್ದಲಿ ಹಿಡಿದರೆ ಇವರದು ತಲೆಹೊರೆ. ಅಗೆತ ನಡೆಸುತ್ತಿದ್ದ ಮಹಾದೇವಸ್ವಾಮಿಯವರು ಮೈಸೂರಿನವರು, ಓದಿಕೊಂಡವರು. ಒಂದು ಚೂರು ಹಿಡಿದು ತಲೆ ಕೆರೆದುಕೊಳ್ಳುತ್ತ ನಿಂತಿದ್ದಾಗ ಹೊರೆ ಇಳಿಸದೆಯೇ ಇವರು ಹೇಳಿದರಂತೆ: "ಒಳಗಡೆ ಗೀರು ನೋಡಿ ಸಾ. ಇದು ರಾಗಿ ಇಟ್ಟು ತೊಳ್ಸಿದ್ ಮಡಕೆ. ತಳ ಮಾತ್ರ ಮಸಿ ಇಡ್ದದೆ, ಮೂರ್ಕಲ್ಲಿನ ಒಲೆ." ಮಾರನೆಯ ದಿನದಿಂದ ಮಣ್ಣು ಹೊರುವುದು ತಪ್ಪಿತು, ಚೂರು ತೊಳೆಯುವುದು ಬಂತು.

ಸಾವಿರ ವರ್ಷದ ಹಿಂದೆ ಚೋಳರು ದಂಡೆತ್ತಿ ಬಂದು ಗಂಗರ ತಲಕಾಡನ್ನು ಗೆದ್ದರು. ಊರಿಗೆ ರಾಜರಾಜಪುರವೆಂಬ ಹೊಸ ಹೆಸರಿಟ್ಟರು. ಗೆದ್ದವರ ಮಾತು ಕಲ್ಲಿನ ಮೇಲಿದೆ. ಪಕ್ಕದ ಹಳ್ಳಿಯಲ್ಲಿ ಒಲೆ ಹೊತ್ತಿಸುತ್ತಿದ್ದವರ ಮಾತು ಯಾವ ಕಲ್ಲಿನಲ್ಲೂ ಇಲ್ಲ, ಇದ್ದರೆ ಇಂಥ ದಿಬ್ಬದಲ್ಲಿ ಇರಬೇಕು. ಹಾಳ್ಗೇರಿಯಲ್ಲಿ ಗೇಣಿನ ಅಂತರದಲ್ಲಿ, ಒಂದರ ಮೇಲೊಂದು, ಮನೆಗಳ ಎರಡು ನೆಲ ಸಿಕ್ಕವು. ಕೆಳಗಿನದು ಗಂಗರ ಕಾಲದ್ದು. ಮೇಲಿನದರಲ್ಲಿ ಚೋಳರ ಕಾಸೊಂದು ಬಿದ್ದಿತ್ತು. ಮನೆ ಸುಟ್ಟ ಗುರುತಿಲ್ಲ, ಒಲೆಯೂ ಅದೇ ಮೂಲೆಯಲ್ಲಿದೆ. ಆದರೆ ಕೆಳಗಿನ ಮನೆಗಳ ನೆಲದಲ್ಲಿ ಹೂತಿದ್ದ ಕಾಳಿನ ಗುಡಾಣ ಮೇಲಿನ ಮನೆಗಳಲ್ಲಿ ಒಂದೂ ಇಲ್ಲ.

ಯಾರು ಆಳಿದರೂ ರಾಗಿ ಬೀಸೋದು ತಪ್ಪಲಿಲ್ಲ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಬೀಸಲು ರಾಗಿ ಉಳಿದಿತ್ತೇ ಎಂದು ಯಾರೂ ಕೇಳುವುದಿಲ್ಲ. ಮಹಾದೇವಸ್ವಾಮಿ ಕೇಳಿದರು. ಗುಡಾಣ ಹೋದಮೇಲೆ ಅಡುಗೆಯ ಮಡಕೆಯೂ ಚಿಕ್ಕದಾಯಿತೇ? ಮಡಕೆಬಾಯಿಯ ಅಂಚಿನ ಚೂರು ಸಿಕ್ಕರೆ, ಅದರ ಬಾಗು ನೋಡಿ ಮಡಕೆ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಎರಡೂ ನೆಲದ ಚೂರುಗಳನ್ನು ತೊಳೆದು, ಎರಡು ಟಾರ್ಪಾಲಿನ ಮೇಲೆ ಬೇರೆಬೇರೆಯಾಗಿ ಒಣಹಾಕಿದ್ದರು.

ಆ ಮಧ್ಯಾಹ್ನ ಮಳೆ ಬಂತು. ಎಲ್ಲರೂ ಅಗೆದ ಗುಂಡಿ ಮುಚ್ಚಲು ಓಡಿದರು. ಚಿಕ್ಕಬಸಮ್ಮ ಒಬ್ಬರೇ ಎರಡೂ ಟಾರ್ಪಾಲಿನ ಚೂರುಗಳನ್ನು ಬಾಚಿ ಶೆಡ್ಡಿಗೆ ಸಾಗಿಸಿದರು. ಮಳೆ ನಿಲ್ಲುವತನಕ ಸುಮ್ಮನೆ ಕೂರಲಾರದೆ, ಅಡುಗೆಮನೆಯ ಅಟ್ಟಣಿಗೆ ಮೇಲೆ ಪಾತ್ರೆ ಜೋಡಿಸುವ ಹಾಗೆ ಚೂರುಗಳನ್ನೂ ಜೋಡಿಸಿದರು. ದೊಡ್ಡ ಬಾಯಿಯವು ಒಂದು ಕಡೆ, ಚಿಕ್ಕ ಬಾಯಿಯವು ಒಂದು ಕಡೆ. ಎಲ್ಲ ಬಲು ಒಪ್ಪವಾಗಿತ್ತು. ಯಾವುದು ಮೇಲಿನ ನೆಲದ್ದು, ಯಾವುದು ಕೆಳಗಿನದು ಎಂಬುದು ಮಾತ್ರ ಅಲ್ಲಿಗೆ ಅಳಿಸಿಹೋಯಿತು.

"ಸ್ವಾಮಿ ಸಾರು ಬಂದು ನೋಡುದ್ರು. ಬಯ್ಲಿಲ್ಲ ಸಾ. ಬೈದಿದ್ರೆ ಆಗೋಗದು. ತಲೆ ಮ್ಯಾಲೆ ಕೈ ಒತ್ಕೊಂಡು ಕುಂತ್ಬುಟ್ರು. ವರದೀಲಿ ಮಳೇಲಿ ಕಲ್ಸೋಯ್ತು ಅಂತ ಬರುದ್ರು. ಮಳೆ ಕಲ್ಸಲಿಲ್ಲ, ಕಲ್ಸಿದ್ದು ನಾನು."

ಹೇಳುವಾಗ ಕರಣೆ ನಿಲ್ಲುತ್ತದೆ. ಇಪ್ಪತ್ತೊಂದು ವರ್ಷವಾದರೂ ಆ ಸಂಕಟ ಹಸಿಯಾಗಿಯೇ ಇದೆ.

ದಿಬ್ಬವನ್ನು ಪೂರ್ತಿ ಅಗೆಯದೆ, ಮುಂದೆ ಬರುವವರಿಗೆಂದು ಒಂದು ಭಾಗ ಬಿಡುವುದು ಈ ಕೆಲಸದವರ ಪದ್ಧತಿ. ಪಡುವಣ ಭಾಗವನ್ನು ಹಾಗೆ ಬಿಟ್ಟಿದ್ದರು. ಇನ್ನೊಮ್ಮೆ ಅಗೆದರೆ ತಪ್ಪು ಸರಿಹೋದೀತು ಎಂಬ ಆಸೆಯಲ್ಲಿ ಚಿಕ್ಕಬಸಮ್ಮ ಅದನ್ನು ಕಾಯುತ್ತಲೇ ಬಂದರು. ಮಲ್ಲಯ್ಯ ತೀರಿಕೊಂಡರು, ಮಹಾದೇವಸ್ವಾಮಿ ನಿವೃತ್ತರಾದರು, ಅಗೆಯಲು ಯಾರೂ ಬರಲಿಲ್ಲ. ಬಂದದ್ದು ಜೆಸಿಬಿ.

ಹಳೆಯ ಊರಿನ ಬೂದಿಮಣ್ಣು ಹೊಲಕ್ಕೆ ಒಳ್ಳೆಯದು. ಎರಡು ಲೋಡು ಹಾಕಿದರೆ ಆ ವರ್ಷ ಗೊಬ್ಬರವೇ ಬೇಡ ಎಂದು ಮೂಗೂರಿನ ತನಕ ಜನಕ್ಕೆ ಗೊತ್ತು. ದಿನಕ್ಕೆ ಹನ್ನೆರಡು ಟ್ರ್ಯಾಕ್ಟರ್ ಹೋಗುತ್ತಿವೆ. ಜಮೀನಿನ ಯಜಮಾನ ನಂಜುಂಡೇಶ್ ಕೆಟ್ಟವನೇನಲ್ಲ, ಮುಂಜಾನೆ ಇವರು ಚೂರು ಆಯ್ದುಕೊಳ್ಳಲು ಅಡ್ಡಿ ಮಾಡುವುದಿಲ್ಲ. "ಜಮೀನ್ ಪಾಣಿ ನನ್ನೆಸ್ರಲ್ಲೇ ಅದೆ ಕಣಕ್ಕ. ಮಟ್ಟ ಮಾಡಿ ಬಾಳೆ ಆಕ್ಬೇಕು. ಒಡ್ದೋಗಿರೋ ಮಡಕೆ ಇಟ್ಕೊಂಡು ನಾನೇನ್ ಮಾಡ್ಲಿ?" ಎಂದು ಕೇಳುತ್ತಾನೆ.

ದಿಬ್ಬ ಉಳಿಸಿ ಎಂದು ಚಿಕ್ಕಬಸಮ್ಮ ಮೂರು ಸಲ ಪುರಾತತ್ವ ಇಲಾಖೆಯ ಕಚೇರಿಗೆ ಅರ್ಜಿ ಹಿಡಿದು ಹೋದರು. ಎರಡು ಸಲ ಸಾಹೇಬರಿರಲಿಲ್ಲ. ಮೂರನೆಯ ಸಲ ಗುಮಾಸ್ತನೊಬ್ಬ ಓದಿ ನೋಡಿ, "ಜಮೀನು ನಿಮ್ದಲ್ಲ, ಊರು ನಿಮ್ದಲ್ಲ. ನಿಮ್ಗೇನಮ್ಮ ಸಂಬಂಧ?" ಎಂದನಂತೆ. ಇಲಾಖೆಯಿಂದ ಯಾವತ್ತಾದರೂ ಯಾರಾದರೂ ಬಂದೇ ಬರುತ್ತಾರೆ. ಕೋಟೆ ಕೊಳ್ಳೆ ಹೋದಮೇಲೆ ದಿಡ್ಡಿ ಬಾಗಿಲು ಹಾಕುವುದು ನಮಗೆ ಹೊಸದಲ್ಲ.

ಮೈಸೂರಿನಿಂದ ಫೋನಿನಲ್ಲಿ ಮಾತಾಡಿದ ಮಹಾದೇವಸ್ವಾಮಿಯವರ ದನಿ ಸೋತಿತ್ತು. "ಜೆಸಿಬಿ ಕಡಿದ ಗೋಡೆಯಲ್ಲಿ ಕಿತ್ತ ಚೂರನ್ನು ಸಾಕ್ಷಿ ಅಂತ ಯಾರೂ ಒಪ್ಪುವುದಿಲ್ಲ. ಅವರಿಗೆ ಅದನ್ನು ಹೇಳುವ ಧೈರ್ಯ ನನಗಿಲ್ಲ. ನೀವೂ ಹೇಳಬೇಡಿ," ಎಂದರು.

ಹೇಳುವ ಅಗತ್ಯವಿಲ್ಲ. ಚಿಕ್ಕಬಸಮ್ಮನಿಗೆ ಅದು ಗೊತ್ತಿದೆ.

ಏಳೂಮುಕ್ಕಾಲು. ಬಲದ ಮಂಕರಿ ಕಂಠಮಟ್ಟ ತುಂಬಿದೆ. ಅಂಗೈ ಅಗಲದ ಬಾಯಿಚೂರುಗಳು, ಹತ್ತು ಜನರ ಮನೆಯ ಮಡಕೆಗಳು. ಎಡದ ಮಂಕರಿಯಲ್ಲಿ ಮೂರೇ ಚೂರು. ಜೆಸಿಬಿ ಮೇಲಿನಿಂದ ಹೆರೆಯುತ್ತದೆ, ಆದ್ದರಿಂದ ಮೊದಲು ಹೋದದ್ದು ಮೇಲಿನ ನೆಲ, ಸೋತಮೇಲೂ ಬದುಕಿದವರ ನೆಲ. ಅದು ಈಗ ಯಾರ್ಯಾರದೋ ಹೊಲದ ಸಾಲಿನಲ್ಲಿದೆ. ಮೂರರಲ್ಲಿ ಎರಡು ಬಾಯಿಯ ಚೂರೇ ಅಲ್ಲ. ಇನ್ನೊಂದನ್ನು ಅಂಗೈಯಲ್ಲಿಟ್ಟು ಅಳೆಯುತ್ತಾರೆ. ಚಿಕ್ಕದು.

"ಒಂದ್ ಚೂರಲ್ಲಿ ಏನ್ ಏಳಕಾಯ್ತದೆ ಸಾ? ಮಗೀಗೆ ಗಂಜಿ ಕಾಯ್ಸೋ ಕುಡ್ಕೆನೂ ಇರ್ಬೋದು. ಕಾಳೆಲ್ಲ ಒಯ್ದ್ಮೇಲೆ ಆ ಎಂಗುಸ್ರು ಒಲೆ ಮುಂದೆ ಕುಂತು ಏನ್ ಬೇಯ್ಸುದ್ರೋ, ಮಕ್ಳು ಒಟ್ಟೆ ತುಂಬ ಉಂಡ್ವೋ ಇಲ್ವೋ. ಅಷ್ಟ್ ತಿಳ್ಕೋಬೇಕು ಅಂತಿತ್ತು. ಇನ್ನ ಎಲ್ ತಿಳ್ದದು."

ದಾರಿಯಲ್ಲಿ ಜೆಸಿಬಿಯ ಸದ್ದು ಕೇಳುತ್ತದೆ. ಅವರು ಏಳುತ್ತಾರೆ. ತುಂಬಿದ ಮಂಕರಿಯನ್ನು ತಲೆಗೇರಿಸಿ, ಮೂರು ಚೂರಿನದನ್ನು ಸೊಂಟಕ್ಕೆ ಅವುಚಿಕೊಳ್ಳುತ್ತಾರೆ. ಭಾರ ಹೊಂದಿಕೊಳ್ಳುವುದಿಲ್ಲ, ಎರಡು ಹೆಜ್ಜೆ ವಾಲುತ್ತಾರೆ. ಮೂರು ಚೂರನ್ನೂ ತಲೆಯ ಮಂಕರಿಗೇ ಹಾಕಿಕೊಂಡರೆ ಸಲೀಸಲ್ಲವೇ ಎಂದರೆ ಥಟ್ಟನೆ ತಿರುಗುತ್ತಾರೆ.

"ಈ ಸಾರಿ ಬೆರ್ಸಿಲ್ಲ ಸಾ. ಅದೊಂದ್ ಬರ್ಕೊಳಿ."